ಬಿಲ್ಲಿ ವೈಲ್ಡರ್: ಪರಭಾಷೆಯಲ್ಲಿ ಜಗತ್ತನ್ನು ನಗಿಸಿದ ನಿರ್ದೇಶಕ

ಹಾಲಿವುಡ್ ಚಿತ್ರಗಳ ಚುರುಕು ಸಂಭಾಷಣೆಯ ಮಾತು ಬಂದಾಗಲೆಲ್ಲ ಮೊದಲ ಸಾಲಿನಲ್ಲಿ ನಿಲ್ಲುವ ಹೆಸರು ಬಿಲ್ಲಿ ವೈಲ್ಡರ್ ಅವರದು. ಆದರೆ ಇಂಗ್ಲಿಷ್ ಅವರು ಹುಟ್ಟಿನಿಂದ ಆಡಿದ ಭಾಷೆಯಲ್ಲ. ಇಂದು ಪೋಲೆಂಡ್‌ಗೆ ಸೇರಿರುವ ಪುಟ್ಟ ಪಟ್ಟಣವೊಂದರಲ್ಲಿ ಜನಿಸಿ, ಜರ್ಮನ್ ಭಾಷೆಯಲ್ಲಿ ಓದಿ, ಅದರಲ್ಲಿಯೇ ಬರೆದು ಬದುಕು ಕಟ್ಟಿಕೊಂಡಿದ್ದ ಅವರು 1934ರಲ್ಲಿ ಅಮೆರಿಕದ ನೆಲದಲ್ಲಿ ಕಾಲಿಟ್ಟಾಗ ವಯಸ್ಸು 27. ಬರುತ್ತಿದ್ದ ಇಂಗ್ಲಿಷ್ ಅಷ್ಟಕ್ಕಷ್ಟೆ. ಮುಂದಿನ ಐದು ದಶಕಗಳಲ್ಲಿ ಅದೇ ಭಾಷೆಯಲ್ಲಿ ಚಿತ್ರಕಥೆಗಳನ್ನು ಬರೆದು, 25 ಚಿತ್ರಗಳನ್ನು ನಿರ್ದೇಶಿಸಿದ ವೈಲ್ಡರ್, 21 ಬಾರಿ ಆಸ್ಕರ್‌ಗೆ ನಾಮನಿರ್ದೇಶನಗೊಂಡು ಆರು ಪ್ರಶಸ್ತಿಗಳನ್ನು ತಮ್ಮದಾಗಿಸಿಕೊಂಡರು.

ವೈಲ್ಡರ್ ಮೂಲತಃ ಬರಹಗಾರರು. ಅವರು ನಿರ್ದೇಶನಕ್ಕೆ ಇಳಿದದ್ದೇ ತಾವು ಬರೆದ ಮಾತನ್ನು ಅನ್ಯರ ಕತ್ತರಿಯಿಂದ ಕಾಪಾಡಿಕೊಳ್ಳುವ ಸಲುವಾಗಿ. ಪ್ರೇಕ್ಷಕರನ್ನು ನಗಿಸುವುದರಲ್ಲಿ ಅವರನ್ನು ಸರಿಗಟ್ಟಿದವರು ವಿರಳ. ಆ ನಗೆಯ ಹಿಂದೆ, ನಾತ್ಸಿ ನರಮೇಧದಲ್ಲಿ ತಾಯಿ, ಅಜ್ಜಿ ಹಾಗೂ ಮಲತಂದೆಯನ್ನು ಕಳೆದುಕೊಂಡ ನಿರಾಶ್ರಿತನೊಬ್ಬನ ಬದುಕಿತ್ತು.

ಗಲೀಷಿಯಾದ ಬಾಲ್ಯ

ವೈಲ್ಡರ್ ಜನಿಸಿದ್ದು 1906ರ ಜೂನ್ 22ರಂದು, ಸುಖಾ ಎಂಬ ಪಟ್ಟಣದಲ್ಲಿ. ಕ್ರಾಕೋವ್ ನಗರದ ದಕ್ಷಿಣಕ್ಕಿರುವ ಈ ಊರು ಆಗ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಗಲೀಷಿಯಾ ಪ್ರಾಂತ್ಯದಲ್ಲಿತ್ತು. ಮೊದಲ ಮಹಾಯುದ್ಧದ ನಂತರ ಸಾಮ್ರಾಜ್ಯ ಕುಸಿದು ಪೋಲೆಂಡ್ ಮರುಹುಟ್ಟು ಪಡೆದಾಗ ಅದರ ಭಾಗವಾಯಿತು. ಇಂದು ಅದರ ಹೆಸರು ಸುಖಾ ಬೆಸ್ಕಿಡ್ಜ್ಕಾ.

ಯಹೂದಿ ಕುಟುಂಬದ ಈ ಹುಡುಗನಿಗೆ ಇಟ್ಟ ಹೆಸರು ಸ್ಯಾಮ್ಯುಯೆಲ್. ತಂದೆ ಮ್ಯಾಕ್ಸ್ ರೈಲು ನಿಲ್ದಾಣಗಳಲ್ಲಿ ಉಪಾಹಾರ ಗೃಹಗಳನ್ನು ನಡೆಸುತ್ತಿದ್ದರು. ನಂತರ ಕ್ರಾಕೋವ್‌ನಲ್ಲಿ ಹೋಟೆಲ್ ಒಂದನ್ನು ತೆರೆದರು. ತಾಯಿ ಯೂಜೀನಿಯಾ ಹರೆಯದಲ್ಲಿ ಕೆಲಕಾಲ ಅಮೆರಿಕದಲ್ಲಿ ಇದ್ದು ಬಂದವರು. ಅಲ್ಲಿನ ಹೆಸರಾಂತ 'ಬಫೆಲೊ ಬಿಲ್' ಪ್ರದರ್ಶನದ ನೆನಪಿನಿಂದ ಮಗನನ್ನು 'ಬಿಲ್ಲಿ' ಎಂದು ಮುದ್ದಿನಿಂದ ಕರೆಯತೊಡಗಿದರು. ತಾಯಿ ಇಟ್ಟ ಆ ಅಡ್ಡಹೆಸರೇ ಕೊನೆಯವರೆಗೂ ಉಳಿಯಿತು. ಅಣ್ಣ ವಿಲ್ಹೆಲ್ಮ್ ಕೂಡ ಮುಂದೆ ಅಮೆರಿಕಕ್ಕೆ ತೆರಳಿ ಡಬ್ಲ್ಯೂ. ಲೀ ವೈಲ್ಡರ್ ಎಂಬ ಹೆಸರಿನಲ್ಲಿ ಚಿತ್ರಗಳನ್ನು ನಿರ್ದೇಶಿಸಿದರು.

ಕುಟುಂಬ ವಿಯೆನ್ನಾಕ್ಕೆ ವಲಸೆ ಹೋಯಿತು. ಮಗ ವಕೀಲನಾಗಲಿ ಎಂಬುದು ಮನೆಯವರ ಆಸೆ. ಮಗ ಹಿಡಿದದ್ದು ಪತ್ರಿಕೋದ್ಯಮದ ದಾರಿ.

ವರದಿಗಾರನಿಂದ ಚಿತ್ರಕಥೆಗಾರ

1925ರಲ್ಲಿ ವೈಲ್ಡರ್ ವಿಯೆನ್ನಾದ 'ದೀ ಸ್ಟುಂಡೆ' ಎಂಬ ಪತ್ರಿಕೆಯನ್ನು ಸೇರಿದರು. ರೋಚಕ ಸುದ್ದಿಗಳಿಗೆ ಹೆಸರಾಗಿದ್ದ ಈ ಪತ್ರಿಕೆ, ಸುದ್ದಿಯನ್ನು ತಡೆಹಿಡಿಯಲು ಹಣ ವಸೂಲಿ ಮಾಡುವ ಆರೋಪಕ್ಕೂ ಗುರಿಯಾಗಿತ್ತು. ಅದರ ಪ್ರಕಾಶಕರು 1926ರಲ್ಲಿ ನಗರವನ್ನೇ ಬಿಟ್ಟು ಹೋಗಬೇಕಾಯಿತು. ಸುದ್ದಿಮನೆಯ ಒಳಸುಳಿಗಳನ್ನು ಇಲ್ಲಿ ಹತ್ತಿರದಿಂದ ಕಂಡ ಯುವಕನಿಗೆ, ಕಾಲು ಶತಮಾನದ ನಂತರ ಅದೇ ಒಂದು ಚಿತ್ರದ ವಸ್ತುವಾಯಿತು.

ಅದೇ 1926ರಲ್ಲಿ ಅಮೆರಿಕದ ಜಾಝ್ ಸಂಗೀತಗಾರ ಪಾಲ್ ವೈಟ್‌ಮನ್ ವಿಯೆನ್ನಾಕ್ಕೆ ಬಂದರು. ಅವರನ್ನು ಸಂದರ್ಶಿಸಿದ ವೈಲ್ಡರ್, ಅವರ ತಂಡದ ಜತೆಯಲ್ಲಿಯೇ ಬರ್ಲಿನ್‌ಗೆ ಹೊರಟರು, ಮರಳಿ ಬರಲಿಲ್ಲ. ಬರ್ಲಿನ್‌ನಲ್ಲಿ ಅಪರಾಧ, ಕ್ರೀಡೆ, ಮನರಂಜನೆ ಎನ್ನದೆ ಸಿಕ್ಕ ವಿಷಯದ ಮೇಲೆಲ್ಲ ಬರೆದರು. ಹೊಟ್ಟೆಪಾಡಿಗಾಗಿ ಹೋಟೆಲ್ ಒಂದರಲ್ಲಿ ಒಂಟಿಯಾಗಿ ಬರುವ ಮಹಿಳೆಯರ ಜತೆ ಹಣಕ್ಕೆ ನರ್ತಿಸುವ ಕೆಲಸಕ್ಕೂ ಸೇರಿದರು. ಆ ಅನುಭವವನ್ನೇ 1927ರಲ್ಲಿ ಲೇಖನಮಾಲೆಯಾಗಿ ಪ್ರಕಟಿಸಿದರು.

ಮೂಕಿ ಚಿತ್ರಗಳಿಗೆ ಹೆಸರಿಲ್ಲದೆ ಕಥೆ ಬರೆದುಕೊಡುತ್ತಿದ್ದ ಅವರಿಗೆ ಮೊದಲ ಮನ್ನಣೆ ತಂದದ್ದು 1930ರಲ್ಲಿ ತೆರೆಕಂಡ 'ಪೀಪಲ್ ಆನ್ ಸಂಡೇ'. ವೃತ್ತಿಪರ ನಟರಿಲ್ಲದೆ, ಬರ್ಲಿನ್‌ನ ಭಾನುವಾರವೊಂದನ್ನು ಕಟ್ಟಿಕೊಟ್ಟ ಈ ಚಿತ್ರದಲ್ಲಿ ರಾಬರ್ಟ್ ಸಿಯೋಡ್‌ಮಾಕ್, ಎಡ್ಗರ್ ಉಲ್ಮರ್, ಫ್ರೆಡ್ ಜಿನ್ನೆಮನ್ ಕೂಡ ದುಡಿದಿದ್ದರು. ಇವರೆಲ್ಲರೂ ಮುಂದೆ ಹಾಲಿವುಡ್ ಸೇರಿದರು. 1931ರಲ್ಲಿ ಎರಿಕ್ ಕೆಸ್ಟ್ನರ್ ಅವರ ಮಕ್ಕಳ ಕಾದಂಬರಿ ಆಧರಿಸಿದ 'ಎಮಿಲ್ ಅಂಡ್ ದ ಡಿಟೆಕ್ಟಿವ್ಸ್' ಚಿತ್ರಕ್ಕೆ ಬರೆದ ಚಿತ್ರಕಥೆ ಅವರ ಸ್ಥಾನವನ್ನು ಭದ್ರಪಡಿಸಿತು.

ಆ ಭದ್ರತೆ ಎರಡು ವರ್ಷವೂ ಬಾಳಲಿಲ್ಲ. 1933ರ ಜನವರಿಯಲ್ಲಿ ಹಿಟ್ಲರ್ ಅಧಿಕಾರಕ್ಕೇರಿದ. ಫೆಬ್ರವರಿ 27ರಂದು ಜರ್ಮನಿಯ ಸಂಸತ್ ಭವನ ಹೊತ್ತಿ ಉರಿಯಿತು. ವೈಲ್ಡರ್ ತಡಮಾಡದೆ ಪ್ಯಾರಿಸ್ ರೈಲು ಹತ್ತಿದರು. ಅಲ್ಲಿ ಅಲೆಕ್ಸಾಂಡರ್ ಎಸ್ವೇ ಜತೆಗೂಡಿ 'ಮೊವೇಸ್ ಗ್ರೇನ್' ಎಂಬ ಫ್ರೆಂಚ್ ಚಿತ್ರ ನಿರ್ದೇಶಿಸಿದರು. ಅದು 1934ರಲ್ಲಿ ತೆರೆಕಾಣುವ ಹೊತ್ತಿಗೆ ಅವರು ಅಮೆರಿಕದಲ್ಲಿದ್ದರು.

ಗಡಿಯಲ್ಲಿ ಸಿಕ್ಕ ಮುದ್ರೆ

ಅಮೆರಿಕಕ್ಕೆ ಅವರು ಬಂದದ್ದು ತಾತ್ಕಾಲಿಕ ವೀಸಾದ ಮೇಲೆ. ಅವಧಿ ಮುಗಿದಾಗ ದೇಶದಿಂದ ಹೊರಹೋಗಿ, ಹೊಸ ವೀಸಾ ಪಡೆದು ಮರಳಬೇಕಿತ್ತು. ಅದಕ್ಕಾಗಿ ಗಡಿಯಾಚೆಗಿನ ಮೆಕ್ಸಿಕೊದ ಮೆಹಿಕಾಲಿ ಪಟ್ಟಣಕ್ಕೆ ಹೋದರು. ಅವಸರದಲ್ಲಿ ಬರ್ಲಿನ್ ಬಿಟ್ಟಿದ್ದವರ ಬಳಿ ಅಗತ್ಯ ಕಾಗದಪತ್ರಗಳಿರಲಿಲ್ಲ. ಅಮೆರಿಕದ ಕಾನ್ಸಲ್ ಅಧಿಕಾರಿ, ಉದ್ಯೋಗವೇನೆಂದು ವಿಚಾರಿಸಿದರು. ಸಿನಿಮಾ ಬರೆಯುತ್ತೇನೆ ಎಂದರು ವೈಲ್ಡರ್. ಅಧಿಕಾರಿ ಕೊಠಡಿಯಲ್ಲಿ ಅತ್ತಿತ್ತ ಹೆಜ್ಜೆ ಹಾಕಿ, ಕೊನೆಗೆ ಪಾಸ್‌ಪೋರ್ಟಿಗೆ ಮುದ್ರೆಯೊತ್ತಿ, ಹಾಗಾದರೆ ಒಳ್ಳೆಯದನ್ನು ಬರೆಯಿರಿ ಎಂದು ಕಳುಹಿಸಿಕೊಟ್ಟರು. 1988ರಲ್ಲಿ ಆಸ್ಕರ್ ವೇದಿಕೆಯಲ್ಲಿ ಥಾಲ್‌ಬರ್ಗ್ ಸ್ಮಾರಕ ಪ್ರಶಸ್ತಿ ಸ್ವೀಕರಿಸಿದಾಗ 81ರ ವೈಲ್ಡರ್ ಈ ಪ್ರಸಂಗವನ್ನು ನೆನೆದು, ಆ ಅಧಿಕಾರಿಗೆ ಕೃತಜ್ಞತೆ ಸಲ್ಲಿಸಿದರು.

ಮೊದಲ ವರ್ಷಗಳು ಕಷ್ಟದವು. ಬರ್ಲಿನ್‌ನಿಂದಲೇ ಓಡಿಬಂದಿದ್ದ ನಟ ಪೀಟರ್ ಲೋರೆ ಜತೆ ಕೊಠಡಿ ಹಂಚಿಕೊಂಡು ದಿನ ದೂಡಿದರು. ನಿರಾಶ್ರಿತರ ನಡುವೆ ಜರ್ಮನ್ ಆಡಿಕೊಂಡೇ ಇರುವ ಬದಲು ಇಂಗ್ಲಿಷನ್ನು ಹಟಹಿಡಿದು ಕಲಿತರು. ಉಚ್ಚಾರಣೆಯಲ್ಲಿ ಜರ್ಮನ್ ಛಾಯೆ ಕೊನೆಯವರೆಗೂ ಉಳಿದರೂ ಬರಹದಲ್ಲಿ ಅದರ ಸುಳಿವು ಉಳಿಯಲಿಲ್ಲ.

1936ರಲ್ಲಿ ಪ್ಯಾರಾಮೌಂಟ್ ಸಂಸ್ಥೆ ಅವರನ್ನು ಚಾರ್ಲ್ಸ್ ಬ್ರ್ಯಾಕೆಟ್ ಎಂಬ ಲೇಖಕರ ಜತೆಗೂಡಿಸಿತು. ಬ್ರ್ಯಾಕೆಟ್ ಶ್ರೀಮಂತ ಮನೆತನದ, ಸಂಪ್ರದಾಯಸ್ಥ ಅಮೆರಿಕನ್; ವೈಲ್ಡರ್ ಮಾತಿನಲ್ಲಿ ಹರಿತ, ಸ್ವಭಾವದಲ್ಲಿ ಚಂಚಲ. ಜಗಳವಾಡುತ್ತಲೇ ಇಬ್ಬರೂ 1950ರವರೆಗೆ ಜತೆಯಾಗಿ ಬರೆದರು. ಅರ್ನ್‌ಸ್ಟ್ ಲುಬಿಷ್ ನಿರ್ದೇಶನದ 'ನಿನೋಚ್ಕಾ' (1939) ಚಿತ್ರಕಥೆಯಲ್ಲಿಯೂ ಈ ಜೋಡಿಯ ಪಾಲಿದೆ. ಬರ್ಲಿನ್ ಮೂಲದವರೇ ಆದ ಲುಬಿಷ್ ಅವರನ್ನು ವೈಲ್ಡರ್ ಗುರುವೆಂದು ಭಾವಿಸಿದ್ದರು. ಲುಬಿಷ್ ಆಗಿದ್ದರೆ ಇದನ್ನು ಹೇಗೆ ಮಾಡುತ್ತಿದ್ದರು ಎಂಬ ಪ್ರಶ್ನೆಯ ಫಲಕ ಅವರ ಕಚೇರಿಯ ಗೋಡೆಯ ಮೇಲೆ ಸದಾ ತೂಗುತ್ತಿತ್ತು.

ಜಿರಲೆಯಿಂದ ಬಂದ ತಿರುವು

ವೈಲ್ಡರ್ ನಿರ್ದೇಶಕರಾಗಲು ಒಂದು ಜಿರಲೆ ಕಾರಣವಾಯಿತೆಂದರೆ ಅತಿಶಯೋಕ್ತಿಯಲ್ಲ. 1941ರ 'ಹೋಲ್ಡ್ ಬ್ಯಾಕ್ ದ ಡಾನ್' ಚಿತ್ರದ ನಾಯಕ, ಅಮೆರಿಕದ ವೀಸಾಕ್ಕಾಗಿ ಮೆಕ್ಸಿಕೊ ಗಡಿಯ ಕಳಪೆ ವಸತಿಗೃಹವೊಂದರಲ್ಲಿ ಕಾದು ಕುಳಿತ ಯುರೋಪಿನ ನಿರಾಶ್ರಿತ. ಗೋಡೆ ಹತ್ತುತ್ತಿರುವ ಜಿರಲೆಯೊಂದನ್ನು ಆತ ಕೋಲಿನಿಂದ ತಡೆದು, ಗಡಿ ಅಧಿಕಾರಿಯ ಗತ್ತಿನಲ್ಲಿ, ವೀಸಾ ಎಲ್ಲಿ ಎಂದು ಗದರಿಸುವ ದೃಶ್ಯವನ್ನು ವೈಲ್ಡರ್ ಮತ್ತು ಬ್ರ್ಯಾಕೆಟ್ ಬರೆದಿದ್ದರು. ಮೆಹಿಕಾಲಿಯ ನೆನಪಿನಿಂದ ಮೂಡಿದ ದೃಶ್ಯವಿದು. ಜಿರಲೆಯ ಜತೆ ಮಾತನಾಡುವುದು ಅವಿವೇಕವೆಂದು ನಾಯಕನಟ ಚಾರ್ಲ್ಸ್ ಬೊಯೆ ತಕರಾರು ತೆಗೆದರು. ನಿರ್ದೇಶಕ ಮಿಚೆಲ್ ಲೈಸನ್ ದೃಶ್ಯವನ್ನು ಕೈಬಿಟ್ಟರು.

ವೈಲ್ಡರ್ ಕೆರಳಿದರು. ತಮ್ಮ ಬರಹವನ್ನು ಇನ್ನು ತಾವೇ ನಿರ್ದೇಶಿಸುವುದೆಂದು ನಿಶ್ಚಯಿಸಿದರು. 1942ರಲ್ಲಿ ಜಿಂಜರ್ ರೋಜರ್ಸ್ ನಟಿಸಿದ 'ದ ಮೇಜರ್ ಅಂಡ್ ದ ಮೈನರ್' ಹಾಲಿವುಡ್‌ನಲ್ಲಿ ಅವರ ಮೊದಲ ನಿರ್ದೇಶನವಾಗಿ ಹೊರಬಂದು ಗೆದ್ದಿತು.

ಎರಡು ವರ್ಷಗಳ ನಂತರ ಬಂದ 'ಡಬಲ್ ಇಂಡೆಮ್ನಿಟಿ' ಅಪರಾಧ ಚಿತ್ರಗಳ ದಿಕ್ಕನ್ನೇ ಬದಲಿಸಿತು. ವಿಮೆಯ ಹಣಕ್ಕಾಗಿ ಗಂಡನನ್ನು ಕೊಲ್ಲಿಸುವ ಹೆಂಡತಿ, ಅವಳ ಮೋಹಕ್ಕೆ ಬಿದ್ದ ವಿಮಾ ಏಜೆಂಟ್, ಕೊಲೆಯ ಜಾಡು ಹಿಡಿಯುವ ಹಿರಿಯ ಸಹೋದ್ಯೋಗಿ: ಇಷ್ಟೇ ಕಥೆ. ಕೊಲೆಗಾರ ಯಾರೆಂದು ಆರಂಭದಲ್ಲಿಯೇ ಹೇಳಿಬಿಟ್ಟು, ಆತ ಸಿಕ್ಕಿಬೀಳುವ ಬಗೆಯ ಮೇಲೆ ಕುತೂಹಲ ಕಟ್ಟಿದ್ದು ಇದರ ಹೆಚ್ಚುಗಾರಿಕೆ. ಏಳು ನಾಮನಿರ್ದೇಶನ ಪಡೆದರೂ ಆಸ್ಕರ್ ಒಂದೂ ಬರಲಿಲ್ಲ. ಆ ಕೊರತೆಯನ್ನು ಕುಡುಕನೊಬ್ಬನ ನರಕಯಾತನೆಯ ಕಥೆಯಾದ 'ದ ಲಾಸ್ಟ್ ವೀಕೆಂಡ್' (1945) ನೀಗಿತು. ಕುಡುಕನೆಂದರೆ ಹಾಸ್ಯಪಾತ್ರವೆಂದೇ ತಿಳಿದಿದ್ದ ಹಾಲಿವುಡ್, ಮದ್ಯವ್ಯಸನವನ್ನು ರೋಗವಾಗಿ ಕಾಣಿಸಿದ ಈ ಚಿತ್ರಕ್ಕೆ ನಾಲ್ಕು ಆಸ್ಕರ್ ನೀಡಿತು. ನಿರ್ದೇಶನ ಹಾಗೂ ಚಿತ್ರಕಥೆಯ ಪ್ರಶಸ್ತಿಗಳು ವೈಲ್ಡರ್ ಪಾಲಾದವು.

ಅವಶೇಷಗಳ ನಡುವೆ

ಯುದ್ಧ ಮುಗಿದ 1945ರಲ್ಲಿ ವೈಲ್ಡರ್, ಅಮೆರಿಕ ಸೇನೆಯ ಮನೋವೈಜ್ಞಾನಿಕ ಸಮರ ವಿಭಾಗದ ಕರ್ನಲ್ ದರ್ಜೆಯಲ್ಲಿ ಜರ್ಮನಿಗೆ ಮರಳಿದರು. ಜರ್ಮನ್ ಚಿತ್ರೋದ್ಯಮವನ್ನು ಮರಳಿ ಕಟ್ಟುವ ಬಗ್ಗೆ ಸಲಹೆ ನೀಡುವುದು ಅವರಿಗೆ ವಹಿಸಿದ್ದ ಕೆಲಸ. ಅದರ ಜತೆಗೆ 'ಡೆತ್ ಮಿಲ್ಸ್' ಎಂಬ ಸಾಕ್ಷ್ಯಚಿತ್ರದ ಸಂಕಲನದ ಮೇಲ್ವಿಚಾರಣೆಯನ್ನೂ ನಡೆಸಿದರು. ನಾತ್ಸಿ ಯಾತನಾ ಶಿಬಿರಗಳು ವಿಮೋಚನೆಗೊಂಡಾಗ ತೆಗೆದ ದೃಶ್ಯಗಳನ್ನು ಜೋಡಿಸಿ, ಜರ್ಮನ್ ಪ್ರಜೆಗಳಿಗೆ ತೋರಿಸಲೆಂದೇ ಸಿದ್ಧಪಡಿಸಿದ 22 ನಿಮಿಷಗಳ ಚಿತ್ರವಿದು. ಹೆಣಗಳ ರಾಶಿಯ ಆ ತುಣುಕುಗಳನ್ನು ವೀಕ್ಷಿಸುತ್ತಿದ್ದ ಹೊತ್ತಿನಲ್ಲಿ ಅವರ ತಾಯಿಯ ಸುದ್ದಿಯೇ ಇರಲಿಲ್ಲ. ವಿಚಾರಣೆಗಳಿಂದ ನಿಶ್ಚಿತ ಉತ್ತರ ದೊರೆಯಲಿಲ್ಲ. ತಾಯಿ ಆಷ್‌ವಿಟ್ಜ್‌ನಲ್ಲಿ ಸತ್ತರೆಂದೇ ವೈಲ್ಡರ್ ನಂಬಿದರು.

ಬಾಂಬಿಗೆ ನೆಲಸಮವಾದ ಬರ್ಲಿನ್‌ನಲ್ಲಿಯೇ ಅವರು ಮುಂದೆ 'ಎ ಫಾರಿನ್ ಅಫೇರ್' (1948) ಎಂಬ ಹಾಸ್ಯಚಿತ್ರದ ಹೊರಾಂಗಣ ದೃಶ್ಯಗಳನ್ನು ಸೆರೆಹಿಡಿದರು. ಕಾಳಸಂತೆಯಲ್ಲಿ ವ್ಯಾಪಾರಕ್ಕಿಳಿದ ಅಮೆರಿಕನ್ ಸೈನಿಕರು, ನಾತ್ಸಿ ಗತವನ್ನು ಮುಚ್ಚಿಟ್ಟುಕೊಂಡ ಗಾಯಕಿ ಇವರೆಲ್ಲ ಅದರಲ್ಲಿದ್ದರು. ಗೆದ್ದವರನ್ನೂ ಸೋತವರನ್ನೂ ವೈಲ್ಡರ್ ಒಂದೇ ಹದದಲ್ಲಿ ಲೇವಡಿ ಮಾಡಿದ್ದರು.

ತೆರೆಯ ಹಿಂದಿನ ಸತ್ಯ, ಸುದ್ದಿಯ ಹಿಂದಿನ ಸುಳ್ಳು

1950ರ 'ಸನ್‌ಸೆಟ್ ಬುಲೆವಾರ್ಡ್' ಹಾಲಿವುಡ್ ತನ್ನನ್ನು ತಾನೇ ನೋಡಿಕೊಂಡ ಕನ್ನಡಿ. ಮೂಕಿ ಯುಗದ ಮರೆತುಹೋದ ತಾರೆಯ ಪಾತ್ರದಲ್ಲಿ ನಟಿಸಿದವರು, ಆ ಯುಗದ ನಿಜವಾದ ತಾರೆ ಗ್ಲೋರಿಯಾ ಸ್ವಾನ್ಸನ್. ಆಕೆಯ ಸೇವಕನಾಗಿ ಕಾಣಿಸಿಕೊಂಡವರು, ಒಮ್ಮೆ ಆಕೆಯನ್ನು ನಿರ್ದೇಶಿಸಿದ್ದ ಎರಿಕ್ ಫಾನ್ ಸ್ಟ್ರೊಹೈಮ್. ಕಥೆ ಹೇಳುವವನು ಈಜುಕೊಳದಲ್ಲಿ ತೇಲುತ್ತಿರುವ ಹೆಣ! ಶವಾಗಾರದಲ್ಲಿ ಹೆಣಗಳು ಪರಸ್ಪರ ಮಾತನಾಡುವ ದೃಶ್ಯದಿಂದ ಚಿತ್ರ ಆರಂಭವಾಗಬೇಕಿತ್ತು. ಪ್ರಾಯೋಗಿಕ ಪ್ರದರ್ಶನದಲ್ಲಿ ಜನ ಬಿದ್ದು ಬಿದ್ದು ನಕ್ಕ ಕಾರಣ ಅದನ್ನು ತೆಗೆದುಹಾಕಲಾಯಿತು. ನೀರಿನಡಿಯಿಂದ ಹೆಣದ ಮುಖ ಕಾಣುವ ಪ್ರಸಿದ್ಧ ದೃಶ್ಯಕ್ಕೆ, ತಳದಲ್ಲಿ ಕನ್ನಡಿಯಿಟ್ಟು ಅದರ ಪ್ರತಿಬಿಂಬವನ್ನು ಮೇಲಿನಿಂದ ಸೆರೆಹಿಡಿಯುವ ಉಪಾಯ ಬಳಸಲಾಯಿತು. ಚಿತ್ರ ಮೂರು ಆಸ್ಕರ್ ಗಳಿಸಿತು. ಉಂಡ ಮನೆಗೆ ಎರಡು ಬಗೆದನೆಂದು ಎಂಜಿಎಂ ಸಂಸ್ಥೆಯ ಮುಖ್ಯಸ್ಥ ಲೂಯಿ ಬಿ. ಮೇಯರ್ ವೈಲ್ಡರ್ ಮೇಲೆ ಹರಿಹಾಯ್ದರು.

ಮರುವರ್ಷ ಅವರು ತಮ್ಮ ಮೊದಲ ವೃತ್ತಿಯತ್ತ ಕ್ಯಾಮೆರಾ ತಿರುಗಿಸಿದರು. 'ಏಸ್ ಇನ್ ದ ಹೋಲ್' (1951) ಚಿತ್ರದಲ್ಲಿ ಕರ್ಕ್ ಡಗ್ಲಸ್, ದೊಡ್ಡ ಪತ್ರಿಕೆಗಳಿಂದ ಹೊರದಬ್ಬಿಸಿಕೊಂಡು ನ್ಯೂ ಮೆಕ್ಸಿಕೊದ ಸಣ್ಣ ಪತ್ರಿಕೆ ಸೇರಿದ ವರದಿಗಾರ. ಗುಹೆಯಲ್ಲಿ ಸಿಕ್ಕಿಬಿದ್ದವನೊಬ್ಬನ ಸುದ್ದಿ ಅವನ ಕೈಗೆ ಸಿಗುತ್ತದೆ. ಒಂದು ದಿನದೊಳಗೆ ಹೊರತರಬಹುದಾಗಿದ್ದವನನ್ನು, ಸುದ್ದಿ ದಿನಗಟ್ಟಲೆ ಓಡಲಿ ಎಂಬ ಕಾರಣಕ್ಕೆ, ಬೆಟ್ಟದ ಮೇಲಿನಿಂದ ಕೊರೆದು ತೆಗೆಯುವ ನಿಧಾನದ ದಾರಿಗೆ ಆತ ಒಪ್ಪಿಸುತ್ತಾನೆ. ಗುಹೆಯ ಹೊರಗೆ ಜನ ನೆರೆಯುತ್ತಾರೆ, ಅಂಗಡಿಗಳು ಏಳುತ್ತವೆ, ಜಾತ್ರೆಯೇ ನಡೆಯುತ್ತದೆ. ಒಳಗಿದ್ದವನು ಸಾಯುತ್ತಾನೆ. 1925ರಲ್ಲಿ ಕೆಂಟಕಿಯ ಗುಹೆಯಲ್ಲಿ ನಡೆದ ನಿಜ ದುರಂತದ ನೆರಳು ಈ ಕಥೆಯ ಮೇಲಿದೆ. ಪತ್ರಿಕೆಗಳಿಗೂ ಪ್ರೇಕ್ಷಕರಿಗೂ ಚಿತ್ರ ಹಿಡಿಸಲಿಲ್ಲ, ಗಲ್ಲಾಪೆಟ್ಟಿಗೆಯಲ್ಲಿ ಸೋತಿತು. ಸುದ್ದಿ ಮಾಧ್ಯಮಗಳನ್ನು ಕುರಿತ ಚಿತ್ರಗಳ ಪೈಕಿ ಇಂದು ಅದಕ್ಕೆ ಅಗ್ರಸ್ಥಾನವಿದೆ.

1953ರ 'ಸ್ಟಾಲಾಗ್ 17' ಜರ್ಮನ್ ಯುದ್ಧಕೈದಿ ಶಿಬಿರದ ಕಥೆ. ಕೈದಿಗಳ ನಡುವೆ ಜರ್ಮನ್ ಗೂಢಚಾರನೊಬ್ಬ ಸೇರಿಕೊಂಡಿರುತ್ತಾನೆ. ಜರ್ಮನಿಯಲ್ಲಿ ಚಿತ್ರ ಬಿಡುಗಡೆ ಮಾಡುವಾಗ, ಅಲ್ಲಿನ ಪ್ರೇಕ್ಷಕರಿಗೆ ನೋವಾಗದಂತೆ ಆ ಗೂಢಚಾರನನ್ನು ಪೋಲೆಂಡ್‌ನವನನ್ನಾಗಿ ಬದಲಿಸಬಹುದೇ ಎಂದು ಪ್ಯಾರಾಮೌಂಟ್ ವಿಚಾರಿಸಿತು. ಪೋಲೆಂಡ್‌ನ ನೆಲದಲ್ಲಿ ಹುಟ್ಟಿದ, ಅಲ್ಲಿ ನಾತ್ಸಿಗಳಿಂದ ಹೆತ್ತ ತಾಯಿಯನ್ನು ಕಳೆದುಕೊಂಡ ನಿರ್ದೇಶಕನ ಮುಂದೆ ಇಟ್ಟ ಸಲಹೆಯಿದು. ವೈಲ್ಡರ್ ಕ್ಷಮಾಪಣೆ ಕೇಳಿದರು. ಅದು ಬರಲಿಲ್ಲ. ಎರಡು ದಶಕಗಳ ಕಾಲ ದುಡಿದ ಸಂಸ್ಥೆಯ ಜತೆಗಿನ ನಂಟು ಮುರಿಯಲು ಇದೇ ಕಾರಣವೆಂದು ಅವರು ಹೇಳುತ್ತಿದ್ದರು.

ಡೈಮಂಡ್ ಜತೆಗಿನ ಸುವರ್ಣ ವರ್ಷಗಳು

1955ರ 'ದ ಸೆವೆನ್ ಇಯರ್ ಇಚ್' ಮರ್ಲಿನ್ ಮನ್ರೊ ಅವರ ಬಿಳಿ ಉಡುಪು ಸುರಂಗ ರೈಲಿನ ಗಾಳಿಗೆ ಹಾರುವ ದೃಶ್ಯದಿಂದ ಮನೆಮಾತಾಯಿತು. ಎರಡು ವರ್ಷಗಳ ನಂತರ ವೈಲ್ಡರ್‌ಗೆ ಎರಡನೆಯ ಬರವಣಿಗೆಯ ಸಂಗಾತಿ ದೊರೆತರು. ಅವರೇ ಐ.ಎ.ಎಲ್. ಡೈಮಂಡ್. ಆಗಿನ ರೊಮೇನಿಯಾದಲ್ಲಿ ಹುಟ್ಟಿ, ಬಾಲ್ಯದಲ್ಲಿ ಅಮೆರಿಕಕ್ಕೆ ಬಂದಿದ್ದ ಡೈಮಂಡ್ ಅವರಿಗೂ ಇಂಗ್ಲಿಷ್ ಕಲಿತು ಬಂದ ಭಾಷೆ. ಅಮೆರಿಕನ್ನರನ್ನು ಅತಿಹೆಚ್ಚು ನಗಿಸಿದ ಮಾತುಗಳನ್ನು ಬರೆದವರು ಈ ಇಬ್ಬರು ವಲಸಿಗರು.

'ಸಮ್ ಲೈಕ್ ಇಟ್ ಹಾಟ್' (1959) ಅವರ ಹಾಸ್ಯದ ಶಿಖರ. ಭೂಗತ ಪಾತಕಿಗಳು ನಡೆಸಿದ ಹತ್ಯಾಕಾಂಡವನ್ನು ಆಕಸ್ಮಿಕವಾಗಿ ಕಂಡ ಇಬ್ಬರು ವಾದ್ಯಗಾರರು, ಪ್ರಾಣ ಉಳಿಸಿಕೊಳ್ಳಲು ಹೆಣ್ಣುವೇಷ ತೊಟ್ಟು ಮಹಿಳಾ ವಾದ್ಯವೃಂದ ಸೇರುತ್ತಾರೆ. ಟೋನಿ ಕರ್ಟಿಸ್, ಜ್ಯಾಕ್ ಲೆಮನ್, ಮನ್ರೊ ಮುಖ್ಯ ಪಾತ್ರಗಳಲ್ಲಿದ್ದರು. ಹೆಣ್ಣುವೇಷದಲ್ಲಿರುವ ಲೆಮನ್, ತಾನು ಗಂಡಸೆಂದು ಬಹಿರಂಗಪಡಿಸಿದಾಗ ಮದುವೆಗೆ ಹಾತೊರೆಯುವ ಮುದಿ ಶ್ರೀಮಂತ, ಪರಿಪೂರ್ಣರು ಯಾರೂ ಇಲ್ಲವೆಂದು ನಿರಾಳವಾಗಿ ನುಡಿಯುತ್ತಾನೆ. ಇನ್ನೂ ಉತ್ತಮವಾದದ್ದು ಹೊಳೆಯುವವರೆಗೆ ಇರಲೆಂದು ಡೈಮಂಡ್ ಬರೆದಿಟ್ಟಿದ್ದ ಆ ಮಾತು ಹಾಗೆಯೇ ಉಳಿದು, ಚಿತ್ರರಂಗದ ಅತಿಪ್ರಸಿದ್ಧ ಅಂತ್ಯವಾಯಿತು. ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ 2000ದಲ್ಲಿ ಪ್ರಕಟಿಸಿದ ಹಾಸ್ಯಚಿತ್ರಗಳ ಪಟ್ಟಿಯಲ್ಲಿ ಈ ಚಿತ್ರಕ್ಕೆ ಮೊದಲ ಸ್ಥಾನ ದೊರೆಯಿತು.

ಮರುವರ್ಷದ 'ದ ಅಪಾರ್ಟ್‌ಮೆಂಟ್' ನಗೆ ಮತ್ತು ನೋವನ್ನು ಒಂದೇ ತಕ್ಕಡಿಯಲ್ಲಿ ತೂಗಿದ ಚಿತ್ರ. ವಿಮಾ ಕಂಪನಿಯ ಗುಮಾಸ್ತನೊಬ್ಬ ಬಡ್ತಿಯ ಆಸೆಗೆ ತನ್ನ ಮನೆಯ ಬೀಗದ ಕೈಯನ್ನು ಮೇಲಧಿಕಾರಿಗಳ ಗುಟ್ಟಿನ ಸರಸಕ್ಕೆ ಕೊಡುತ್ತಾನೆ. ತಾನು ಮೆಚ್ಚಿದ ಲಿಫ್ಟ್ ನಡೆಸುವ ಹುಡುಗಿಯೇ ಅಲ್ಲಿಗೆ ಬರುತ್ತಿದ್ದಾಳೆಂದು ತಿಳಿದಾಗ ಅವನ ಬದುಕು ತಲೆಕೆಳಗಾಗುತ್ತದೆ. ಕಣ್ಣು ಹಾಯಿಸಿದಷ್ಟೂ ಮೇಜುಗಳೇ ಕಾಣುವ ಕಚೇರಿಯನ್ನು ಕಲಾನಿರ್ದೇಶಕ ಅಲೆಕ್ಸಾಂಡರ್ ಟ್ರೌನರ್, ಹಿಂದಕ್ಕೆ ಹೋದಂತೆ ಕಿರಿದಾಗುವ ಮೇಜುಗಳನ್ನೂ ಕುಳ್ಳಗಿನ ಜನರನ್ನೂ ಬಳಸಿ ಸೃಷ್ಟಿಸಿದ್ದರು. ಚಿತ್ರ ಐದು ಆಸ್ಕರ್ ಗೆದ್ದಿತು. ನಿರ್ಮಾಪಕ, ನಿರ್ದೇಶಕ, ಸಹಲೇಖಕರಾಗಿ ಒಂದೇ ರಾತ್ರಿ ಮೂರು ಪ್ರಶಸ್ತಿ ಪಡೆದ ಮೊದಲಿಗರೆಂಬ ದಾಖಲೆ ವೈಲ್ಡರ್ ಅವರದಾಯಿತು.

ಭಾರತದ ಪ್ರೇಕ್ಷಕರಿಗೂ ಈ ಕಥೆಗಳು ಅಪರಿಚಿತವಲ್ಲ. ಹಿಂದಿಯ 'ರಫೂ ಚಕ್ಕರ್' (1975), 'ಸಮ್ ಲೈಕ್ ಇಟ್ ಹಾಟ್'ನ ರೂಪಾಂತರ. 'ಯೇ ದಿಲ್ಲಗಿ' (1994) ಚಿತ್ರದ ಹಿಂದೆ ವೈಲ್ಡರ್ ಅವರ 'ಸಬ್ರಿನಾ' (1954) ಇದೆ. 'ಲೈಫ್ ಇನ್ ಎ ಮೆಟ್ರೊ' (2007) ಚಿತ್ರದ ಬೀಗದ ಕೈಯ ಪ್ರಸಂಗ ಬಂದದ್ದು 'ದ ಅಪಾರ್ಟ್‌ಮೆಂಟ್'ನಿಂದ.

ಇಳಿಗಾಲ

1961ರಲ್ಲಿ ಬರ್ಲಿನ್‌ನಲ್ಲಿ 'ಒನ್, ಟೂ, ಥ್ರೀ' ಹಾಸ್ಯಚಿತ್ರದ ಚಿತ್ರೀಕರಣ ನಡೆದಿದ್ದಾಗಲೇ, ಆಗಸ್ಟ್ 13ರಂದು ನಗರವನ್ನು ಇಬ್ಭಾಗಿಸುವ ಗೋಡೆ ಎದ್ದಿತು. ಬ್ರಾಂಡನ್‌ಬರ್ಗ್ ದ್ವಾರದ ಪ್ರತಿಕೃತಿಯನ್ನು ಮ್ಯೂನಿಕ್‌ನ ಸ್ಟುಡಿಯೊದಲ್ಲಿ ನಿರ್ಮಿಸಿ ಕೆಲಸ ಮುಗಿಸಬೇಕಾಯಿತು. ಜನ ನಗುವ ಸ್ಥಿತಿಯಲ್ಲಿರಲಿಲ್ಲ, ಚಿತ್ರ ಸೋತಿತು. ಗೋಡೆ ಉರುಳುವ ಮುನ್ನ, 1980ರ ದಶಕದಲ್ಲಿ, ಜರ್ಮನಿಯಲ್ಲಿ ಅದೇ ಚಿತ್ರ ಮರುಬಿಡುಗಡೆಯಾಗಿ ಜನಪ್ರಿಯವಾಯಿತು.

'ಇರ್ಮಾ ಲಾ ಡೂಸ್' (1963) ಭರ್ಜರಿ ಯಶಸ್ಸು ಕಂಡಿತು. 'ಕಿಸ್ ಮಿ, ಸ್ಟುಪಿಡ್' (1964) ಅಶ್ಲೀಲವೆಂಬ ಖಂಡನೆಗೆ ತುತ್ತಾಯಿತು. ಮೂರು ಗಂಟೆಗೂ ದೀರ್ಘವಾಗಿದ್ದ 'ದ ಪ್ರೈವೇಟ್ ಲೈಫ್ ಆಫ್ ಷರ್ಲಾಕ್ ಹೋಮ್ಸ್' (1970) ಸುಮಾರು ಎರಡು ಗಂಟೆಗೆ ಇಳಿಯಿತು. ತಮ್ಮ ಬರಹವನ್ನು ಕಾಪಾಡಲೆಂದು ನಿರ್ದೇಶಕರಾದವರಿಗೆ ಕೊನೆಗೂ ಕತ್ತರಿಯ ಏಟು ತಪ್ಪಲಿಲ್ಲ. 1981ರ 'ಬಡ್ಡಿ ಬಡ್ಡಿ' ಅವರ ಕೊನೆಯ ಚಿತ್ರ. ಮುಂದಿನ ಎರಡು ದಶಕ ಅವರಿಗೆ ಪ್ರಶಸ್ತಿಗಳು ಬಂದವು, ಚಿತ್ರಗಳಿಗೆ ಹಣ ಹೂಡುವವರು ಬರಲಿಲ್ಲ. ಬರ್ಲಿನ್ ದಿನಗಳಿಂದ ಕಲಾಕೃತಿಗಳ ಸಂಗ್ರಾಹಕರಾಗಿದ್ದ ಅವರು 1989ರಲ್ಲಿ ಸಂಗ್ರಹದ ಬಹುಭಾಗವನ್ನು ಹರಾಜಿಗಿಟ್ಟಾಗ 3 ಕೋಟಿ 26 ಲಕ್ಷ ಡಾಲರ್ ಸಂದಿತು.

ಮಾಡಲಾಗದೆ ಉಳಿದ ಚಿತ್ರ

ವೈಲ್ಡರ್ ಕೊನೆಯದಾಗಿ ಒಂದು ಚಿತ್ರ ಮಾಡಲು ಬಯಸಿದ್ದರು. ಕ್ರಾಕೋವ್‌ನ ಯಹೂದಿ ಕಾರ್ಮಿಕರನ್ನು ನಾತ್ಸಿಗಳಿಂದ ಕಾಪಾಡಿದ ಆಸ್ಕರ್ ಶಿಂಡ್ಲರ್ ಕುರಿತು ಥಾಮಸ್ ಕೆನೀಲಿ ಬರೆದ ಕೃತಿ 1982ರಲ್ಲಿ ಹೊರಬಂದಾಗ, ಅದನ್ನು ತೆರೆಗೆ ತಂದು ತಮ್ಮವರ ನೆನಪಿಗೆ ಸಲ್ಲಿಸಬೇಕೆಂಬ ಹಂಬಲ ಅವರಲ್ಲಿ ಮೂಡಿತು. ಹಕ್ಕುಗಳು ಅದಾಗಲೇ ಸ್ಟೀವನ್ ಸ್ಪೀಲ್‌ಬರ್ಗ್ ಅವರಿಗಾಗಿ ಖರೀದಿಯಾಗಿದ್ದವು. 1993ರಲ್ಲಿ ಸ್ಪೀಲ್‌ಬರ್ಗ್ ಅವರ 'ಶಿಂಡ್ಲರ್ಸ್ ಲಿಸ್ಟ್' ಬಂದಾಗ ವೈಲ್ಡರ್ ಅದನ್ನು ಮನಸಾರೆ ಮೆಚ್ಚಿದರು.

ಆ ಚಿತ್ರದ ಬಹುಪಾಲು ನಡೆಯುವುದು ಕ್ರಾಕೋವ್ ಅಂಚಿನ ಪ್ಲಾಶೋವ್ ಯಾತನಾ ಶಿಬಿರದಲ್ಲಿ. ವೈಲ್ಡರ್ ತೀರಿಕೊಂಡ ಒಂಬತ್ತು ವರ್ಷಗಳ ನಂತರ, 2011ರಲ್ಲಿ, ಆಸ್ಟ್ರಿಯಾದ ಜೀವನಚರಿತ್ರಕಾರ ಆಂಡ್ರಿಯಾಸ್ ಹುಟ್ಟರ್ ಪೋಲೆಂಡ್ ಹಾಗೂ ಇಸ್ರೇಲ್‌ನ ದಾಖಲೆಗಳನ್ನು ಶೋಧಿಸಿ ಸತ್ಯವನ್ನು ಹೊರತಂದರು. ವೈಲ್ಡರ್ ಅವರ ತಾಯಿ ಕೊಲೆಯಾದದ್ದು ಆಷ್‌ವಿಟ್ಜ್‌ನಲ್ಲಿ ಅಲ್ಲ. 1943ರಲ್ಲಿ, ಅದೇ ಪ್ಲಾಶೋವ್‌ನಲ್ಲಿ. ಮಲತಂದೆ 1942ರಲ್ಲಿ ಬೆಲ್ಜೆಕ್ ಶಿಬಿರದಲ್ಲಿಯೂ, ಅಜ್ಜಿ 1943ರಲ್ಲಿ ನೋವಿ ಟಾರ್ಗ್ ಪಟ್ಟಣದ ಯಹೂದಿ ಕೇರಿಯಲ್ಲಿಯೂ ಸತ್ತಿದ್ದರು. ತಾವು ಮಾಡಬಯಸಿದ ಚಿತ್ರ ತಾಯಿಯ ಸಾವಿನ ನೆಲದ್ದೇ ಆಗಿತ್ತೆಂಬುದು ವೈಲ್ಡರ್ ಅವರಿಗೆ ತಿಳಿಯಲೇ ಇಲ್ಲ.

2002ರ ಮಾರ್ಚ್ 27ರಂದು, 95ನೆಯ ವಯಸ್ಸಿನಲ್ಲಿ, ನ್ಯುಮೋನಿಯಾದಿಂದ ಬಿಲ್ಲಿ ವೈಲ್ಡರ್ ಬೆವರ್ಲಿ ಹಿಲ್ಸ್‌ನಲ್ಲಿ ನಿಧನರಾದರು. ಲಾಸ್ ಏಂಜಲೀಸ್‌ನ ವೆಸ್ಟ್‌ವುಡ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅದರ ಮೇಲಿನ ಬರಹ ಅವರನ್ನು ನಿರ್ದೇಶಕನೆಂದು ಕರೆಯುವುದಿಲ್ಲ. ತಾನೊಬ್ಬ ಬರಹಗಾರ, ಪರಿಪೂರ್ಣರಾದರೂ ಯಾರಿದ್ದಾರೆ ಎಂಬರ್ಥದ ಸಾಲು ಅಲ್ಲಿದೆ.

ಬದುಕಿನ ಪಕ್ಷಿನೋಟ

1906: ಸುಖಾದಲ್ಲಿ ಜನನ
1926: ವಿಯೆನ್ನಾದಿಂದ ಬರ್ಲಿನ್‌ಗೆ
1933: ಹಿಟ್ಲರ್ ಅಧಿಕಾರಕ್ಕೆ ಬಂದ ಬಳಿಕ ಪ್ಯಾರಿಸ್‌ಗೆ ಪಲಾಯನ
1934: ಅಮೆರಿಕಕ್ಕೆ ಆಗಮನ
1942: ಹಾಲಿವುಡ್‌ನಲ್ಲಿ ಮೊದಲ ನಿರ್ದೇಶನ
1945: 'ದ ಲಾಸ್ಟ್ ವೀಕೆಂಡ್' (ಎರಡು ಆಸ್ಕರ್)
1950: 'ಸನ್‌ಸೆಟ್ ಬುಲೆವಾರ್ಡ್' (ಒಂದು ಆಸ್ಕರ್)
1960: 'ದ ಅಪಾರ್ಟ್‌ಮೆಂಟ್' (ಮೂರು ಆಸ್ಕರ್)
1981: ಕೊನೆಯ ಚಿತ್ರ
1986: ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್‌ನ ಜೀವಮಾನ ಸಾಧನೆ ಪ್ರಶಸ್ತಿ
1988: ಥಾಲ್‌ಬರ್ಗ್ ಸ್ಮಾರಕ ಪ್ರಶಸ್ತಿ
1993: ಅಮೆರಿಕ ಸರ್ಕಾರದ ರಾಷ್ಟ್ರೀಯ ಕಲಾ ಪದಕ
2002: ನಿಧನ